ಸಾಣಿಗೆಯ ಕಣ್ಣು

ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳದ ಕಡೆಯಿಂದಾಗಲಿ ಮಹಾಲಿಂಗಪುರದ ಕಡೆಯಿಂದಾಗಲಿ ಸಮೀರವಾಡಿಗೆ ಬರುವ ಪ್ರಯಾಣಿಕನು, ಎರಡೆರಡು ಟ್ರೇಲರುಗಳನ್ನು ಎಳೆಯುತ್ತ ಸಾಗುವ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡು, ಗಾಳಿಯಲ್ಲಿ ತುಂಬಿದ ಪಾಕದ ವಾಸನೆಯನ್ನು ಆಘ್ರಾಣಿಸುತ್ತ ಕುಳಿತಿರುವಾಗ, ಅಲ್ಲಿಯ ಗೋದಾವರಿ ಸಕ್ಕರೆ ಕಾರ್ಖಾನೆಯೊಳಗೆ ಹಿಂಡುವ ಕೆಲಸಕ್ಕಿಂತ ಸೋಸುವ ಕೆಲಸವೇ ದೊಡ್ಡದೆಂಬುದನ್ನು ಬಹುಶಃ ನೆನೆಯುವುದಿಲ್ಲ. ಹಿಂಡಿದ ರಸಕ್ಕೆ ಸುಣ್ಣ ಬೆರಸಿ ಕಾಯಿಸಿ, ಕೆಳಗಿಳಿದ ರಾಡಿಯನ್ನು ಸೋಸಿ ತೆಗೆದು, ತಿಳಿಯನ್ನು ಬತ್ತಿಸಿ, ಹರಳುಗಟ್ಟಿದ ಸಕ್ಕರೆಯನ್ನು ಕಾಕಂಬಿಯಿಂದ ಬೇರ್ಪಡಿಸುವವರೆಗೆ ನಡೆಯುವುದೆಲ್ಲ ಒಂದಾದ ಮೇಲೊಂದು ಶೋಧನೆಯೇ. ಇದಕ್ಕಿಂತ ಹಳೆಯದಾದ ನಮ್ಮ ಬೆಲ್ಲದ ಗಾಣದಲ್ಲಿಯೂ ಬೆಂಡೆಯ ಗಿಡವನ್ನು ಜಜ್ಜಿ ತೆಗೆದ ಲೋಳೆಯನ್ನು ಕುದಿಯುವ ರಸಕ್ಕೆ ಹಾಕಿ, ಮೇಲೆದ್ದ ಹೊಲಸನ್ನು ಜಾಲರಿಯಿಂದ ಎತ್ತಿ ಚೆಲ್ಲುವಾಗ ಒಕ್ಕಲಿಗನು ಮಾಡುವುದು ಅದನ್ನೇ. ವಿಶೇಷವೆಂದರೆ, ಕಾಣದುದನ್ನು ಹುಡುಕುವುದಕ್ಕೂ ಬೇಡದುದನ್ನು ಸೋಸಿ ತೆಗೆಯುವುದಕ್ಕೂ ನಮ್ಮ ಭಾಷೆಯು ಒಂದೇ ಶಬ್ದವನ್ನು ಇಟ್ಟುಕೊಂಡಿದೆ: ಹಾಲನ್ನು ಶೋಧಿಸುವವಳೂ ಶೋಧಿಸುತ್ತಾಳೆ, ಶಾಸನವನ್ನು ಅರಸಿ ಊರೂರು ತಿರುಗುವ ಪಂಡಿತನೂ ಶೋಧಿಸುತ್ತಾನೆ. ಇವೆರಡೂ ಒಂದೇ ಕ್ರಿಯೆಯ ಎರಡು ಮುಖಗಳೆಂಬ ಅರಿವು ಆ ಶಬ್ದದೊಳಗೆ ಹುದುಗಿರುವುದಾದರೂ, ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕುಳಿತಾಗ ನಾವು ಮೊದಲು ಮರೆಯುವುದು ಅದನ್ನೇ.

ಈ ಮಾತಿಗೆ ನಿಮಿತ್ತವಾದವಳು ಈಚೆಗೆ ನನ್ನ ಬಳಿಗೆ ಬಂದ ಒಬ್ಬ ವಿದ್ಯಾರ್ಥಿನಿ. ಮುಧೋಳ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ, ಸರಕಾರವು ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ, ಪರಂಪರೆಯಿಂದ ಕೈಯಲ್ಲಿದ್ದ ಆಯುಧಗಳನ್ನು ಕೊಡಲೊಲ್ಲದೆ ಬ್ರಿಟಿಷ್ ಸೈನ್ಯಕ್ಕೆ ಎದುರು ನಿಂತು ಮಡಿದ ವೃತ್ತಾಂತವನ್ನು ಕುರಿತು ಆಕೆ ಪ್ರಬಂಧವೊಂದನ್ನು ಬರೆಯಬೇಕಾಗಿತ್ತು. ದೂರದ ಊರಿನ ಒಂದು ದೊಡ್ಡ ಗ್ರಂಥಾಲಯಕ್ಕೆ ಹೋಗಿ, ಕಂಪ್ಯೂಟರಿನ ಕ್ಯಾಟಲಾಗಿನಲ್ಲಿ ಮೊದಲು ‘ಮುಧೋಳ’ ಎಂದು ಬರೆದು ನೋಡಿದರೆ ರನ್ನ ಕವಿಯೂ ಬೇಟೆನಾಯಿಯೂ ಬಂದರಂತೆ. ಬಳಿಕ ‘ಅಡ್ವಾನ್ಸ್ಡ್ ಸರ್ಚ್’ ಎಂಬ ಪುಟವನ್ನು ತೆರೆದು, ಹಲಗಲಿ ಎಂದು ಬರೆದು, ಭಾಷೆ ಕನ್ನಡ, ವರ್ಷ 1857 ಎಂದು ಎಲ್ಲ ಮನೆಗಳನ್ನೂ ಶ್ರದ್ಧೆಯಿಂದ ತುಂಬಿದಾಗ ಒಂದೂ ಪುಸ್ತಕ ಬರಲಿಲ್ಲ. “ಸರ್, ಹಲಗಲಿ ಅನ್ನೋದ ಅವರ ಹಂತ್ಯಾಕ ಇಲ್ಲ ನೋಡ್ರಿ” ಎಂದಳು. “ಇಲ್ಲ ಅಂತ ಅದು ಹೇಳಿಲ್ಲವ್ವಾ ತಂಗಿ, ನೀ ಕೇಳಿದ್ದು ಅದಕ್ಕ ತಿಳಿದಿಲ್ಲ” ಎಂದೆನಾದರೂ, ಆಕೆ ಎಲ್ಲಿ ಎಡವಿದಳೆಂಬುದನ್ನು ಬಿಡಿಸಿ ಹೇಳುವುದಕ್ಕೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಆಕೆಯ ಎಡವಟ್ಟು ಆಕೆಯದು ಮಾತ್ರವಲ್ಲ. ಪದವಿಯವರೆಗೆ ಓದಿದ ನಮ್ಮಲ್ಲಿ ಬಹುಜನರಿಗೆ ಈ ಪುಟವನ್ನು ಯಾರೂ ಎಂದೂ ಕಲಿಸಿಕೊಟ್ಟಿಲ್ಲ.

ಮೊದಲನೆಯದಾಗಿ, ಆಕೆ ತುಂಬಿದ ವರ್ಷ. ಕ್ಯಾಟಲಾಗಿನಲ್ಲಿ ವರ್ಷವೆಂಬ ಮನೆಯು ಸಾಮಾನ್ಯವಾಗಿ ಪುಸ್ತಕವು ಅಚ್ಚಾದ ವರ್ಷವನ್ನು ಕೇಳುತ್ತದೆಯೇ ಹೊರತು ಪುಸ್ತಕದೊಳಗಿನ ಘಟನೆಯು ನಡೆದ ವರ್ಷವನ್ನಲ್ಲ. 1857ರ ದಂಗೆಯನ್ನು ಕುರಿತು 1957ರಲ್ಲಿ ಅಚ್ಚಾದ ಗ್ರಂಥವು 1857 ಎಂಬ ಸಾಣಿಗೆಯ ಕಣ್ಣಿನಿಂದ ಇಳಿಯಲಾರದು. ಘಟನೆಯ ಕಾಲವನ್ನು ಹೇಳಬೇಕಾದರೆ ಅದನ್ನು ವಿಷಯದ ಮನೆಯಲ್ಲಿ ಹೇಳಬೇಕು. ವರ್ಷದ ಮನೆಯಲ್ಲಿ ‘1880ರಿಂದ 1890’ ಎಂಬಂತೆ ಅವಧಿಯನ್ನು ಕೊಟ್ಟರೆ ಆ ವರ್ಷಗಳಲ್ಲಿ ಅಚ್ಚಾದುವು ಬರುತ್ತವೆ. ಹೀಗೆಯೇ ಲೇಖಕ, ಶೀರ್ಷಿಕೆ, ವಿಷಯ, ಪ್ರಕಾಶಕ ಎಂಬ ಒಂದೊಂದು ಮನೆಗೂ ಒಂದೊಂದು ಅರ್ಥವಿದೆ. ಹುಡುಕುವ ಪದಗಳನ್ನು ಜೋಡಿಸುವ ಶಬ್ದಗಳಿಗೂ ಹಾಗೆಯೇ: ‘ಮತ್ತು’ ಎಂದರೆ ಎರಡೂ ಇರತಕ್ಕದ್ದು, ‘ಅಥವಾ’ ಎಂದರೆ ಎರಡರಲ್ಲಿ ಯಾವುದಿದ್ದರೂ ಆದೀತು, ‘ಹೊರತು’ ಎಂದರೆ ಇದು ಇರತಕ್ಕದ್ದಲ್ಲ. ಮುಧೋಳ ‘ಮತ್ತು’ ಇತಿಹಾಸ ಎಂದಿದ್ದರೆ ಬೇಟೆನಾಯಿಯು ಬಹುಮಟ್ಟಿಗೆ ತಾನಾಗಿಯೇ ದಾರಿ ಬಿಡುತ್ತಿತ್ತು. ಇವು ವ್ಯಾಕರಣದ ಮೂರು ಅವ್ಯಯಗಳಷ್ಟೇ ಆದರೂ, ಲಕ್ಷ ಪುಸ್ತಕಗಳ ರಾಶಿಯನ್ನು ಮಡಿಲಿಗೆ ಹಿಡಿಯುವಷ್ಟಕ್ಕೆ ಇಳಿಸುವ ಶಕ್ತಿಯು ಇವಕ್ಕುಂಟು.

ಈ ವಿದ್ಯೆಯು ನಮಗೆ ಪರಕೀಯವಾದುದೆಂದು ಭಾವಿಸಿ ಹಿಂಜರಿಯುವವರು, ಅದರ ಮೂಲಪುರುಷರಲ್ಲಿ ಒಬ್ಬರು ತಮ್ಮ ಕೊನೆಯ ದಿನಗಳನ್ನು ಬೆಂಗಳೂರಿನಲ್ಲಿಯೇ ಕಳೆದರೆಂಬುದನ್ನು ತಿಳಿದಿರಬೇಕು. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನೂ 1933ರಲ್ಲಿ ಕೋಲನ್ ವರ್ಗೀಕರಣವನ್ನೂ ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಪುಸ್ತಕವೊಂದಕ್ಕೆ ಒಂದೇ ಗೂಡು ಸಾಲದು, ಅದು ಯಾವ ವಸ್ತುವನ್ನು ಕುರಿತದ್ದು, ಯಾವ ದ್ರವ್ಯ, ಯಾವ ಕ್ರಿಯೆ, ಯಾವ ದೇಶ, ಯಾವ ಕಾಲ ಎಂಬ ಐದು ಮುಖಗಳಿಂದ ಅದನ್ನು ನೋಡಬೇಕು ಎಂದು ಅವರು ಹೇಳಿದ ಕಾಲಕ್ಕೆ ಕಂಪ್ಯೂಟರುಗಳು ಇನ್ನೂ ಗ್ರಂಥಾಲಯವನ್ನು ಹೊಕ್ಕಿರಲಿಲ್ಲ. ಇಂದು ಕ್ಯಾಟಲಾಗಿನ ಪಕ್ಕದಲ್ಲಿ ವಿಷಯ, ಸ್ಥಳ, ಭಾಷೆ, ಕಾಲ ಎಂದು ಸಾಲಾಗಿ ನಿಂತು, ಒಂದೊಂದನ್ನು ಒತ್ತಿದಾಗಲೂ ಪಟ್ಟಿಯನ್ನು ಕಿರಿದುಗೊಳಿಸುವ ಆ ಫಿಲ್ಟರುಗಳು ಈ ಬಹುಮುಖದೃಷ್ಟಿಗೇ ಬಂದ ಯಂತ್ರರೂಪವೆಂದರೆ ತಪ್ಪಾಗದು. ಓದುಗನ ಕಾಲವನ್ನು ಉಳಿಸು ಎಂಬುದು ಅವರ ನಾಲ್ಕನೆಯ ಸೂತ್ರ. ನಮ್ಮ ವಿದ್ಯಾರ್ಥಿನಿಗೆ ಎರಡು ಬಸ್ಸು ಬದಲಿಸಿ ಹೋಗಿ ಬರಿಗೈಯಲ್ಲಿ ಮರಳಿದ ಒಂದು ದಿನವನ್ನು ಯಾವ ಸೂತ್ರವೂ ಉಳಿಸಿಕೊಡಲಿಲ್ಲ.

ಆದರೆ ಸಾಣಿಗೆಯನ್ನು ಹಿಡಿಯಬಲ್ಲ ಕೈಯಷ್ಟೇ ಇದ್ದರೆ ಸಾಲದು, ಅದರೊಳಗೆ ಬೀಳುವ ಕಾಳಿನ ಹೆಸರೂ ತಿಳಿದಿರಬೇಕು. ನಮ್ಮ ಸೀಮೆಯ ಸಂಗತಿಗಳಿಗೆ ಹೆಸರುಗಳು ಒಂದೆರಡಲ್ಲ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರ ಗ್ರಂಥಗಳನ್ನು ಅರಸುವವನು ಲೇಖಕನ ಮನೆಯಲ್ಲಿ ‘ರಾನಡೆ’ ಎಂದಷ್ಟೇ ಬರೆದರೆ, ಮರಾಠಾ ಸತ್ತೆಯ ಉದಯವನ್ನು ಕುರಿತು ಬರೆದ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರೂ ಜೊತೆಗೆ ಬರುತ್ತಾರೆ; ರಾಮಚಂದ್ರ ದತ್ತಾತ್ರೇಯ ಎಂಬ ಪೂರ್ಣನಾಮವನ್ನು ಕೊಟ್ಟಲ್ಲದೆ ದಾರ್ಶನಿಕರಿಗೂ ನ್ಯಾಯಾಧೀಶರಿಗೂ ಅಲ್ಲಿ ಭೇದವಿಲ್ಲ. ‘ಗದಾಯುದ್ಧ’ ಎಂದು ಶೀರ್ಷಿಕೆಯಲ್ಲಿ ಹುಡುಕಿದರೆ ಮುಧೋಳದ ರನ್ನನ ಜೊತೆಗೆ ಬಿ.ಎಂ.ಶ್ರೀಯವರ ‘ಗದಾಯುದ್ಧ ನಾಟಕಂ’, ತೀ.ನಂ.ಶ್ರೀಯವರ ‘ಗದಾಯುದ್ಧ ಸಂಗ್ರಹಂ’ ಬರುವುದು ಸಹಜ. ಅದೇ ಕಾವ್ಯವು ‘ಸಾಹಸಭೀಮವಿಜಯ’ ಎಂಬ ತನ್ನ ಇನ್ನೊಂದು ಹೆಸರಿನಲ್ಲಿ ದಾಖಲಾಗಿದ್ದರೆ ಬಾರದಿರುವುದೂ ಸಹಜ. ‘ಗ್ರಾಮಾಯಣ’ದ ಕರ್ತೃವನ್ನು ಆರ್. ಬಿ. ಕುಲಕರ್ಣಿ ಎಂದು ಹುಡುಕಬೇಕೋ ರಾವಬಹಾದ್ದೂರ ಎಂದು ಹುಡುಕಬೇಕೋ? ಬೆಟಗೇರಿ ಕೃಷ್ಣಶರ್ಮರನ್ನು ಆನಂದಕಂದರೆಂದೋ, ಆದ್ಯ ರಂಗಾಚಾರ್ಯರನ್ನು ಶ್ರೀರಂಗರೆಂದೋ? ಮರದ ಪೆಟ್ಟಿಗೆಯ ಸೆಳೆಖಾನೆಗಳಲ್ಲಿ, ತೂತಿನೊಳಗೆ ಸಲಾಕೆ ಪೋಣಿಸಿದ ಕಾರ್ಡುಗಳಿದ್ದ ಕಾಲದಲ್ಲಿ, ಬಲ್ಲ ಗ್ರಂಥಪಾಲನು ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ‘ನೋಡಿ’ ಎಂಬ ಕಾರ್ಡನ್ನು ಬರೆದು ಸೇರಿಸುತ್ತಿದ್ದನು. ಆ ಎರಡಕ್ಷರದ ಉಪಕಾರವು ಕಂಪ್ಯೂಟರಿಗೆ ಬಂದ ಮೇಲೆ ಇನ್ನೂ ಸುಲಭವಾಗಬೇಕಾಗಿತ್ತು. ಹಲವು ಕಡೆಗಳಲ್ಲಿ ಅದು ಪೆಟ್ಟಿಗೆಯೊಡನೆ ಮೂಲೆಗೆ ಬಿತ್ತು.

ಊರುಗಳ ಹೆಸರುಗಳಂತೂ ಇನ್ನೂ ಜಟಿಲ. ಜಮಖಂಡಿಯು ಪಟವರ್ಧನರ ಸಂಸ್ಥಾನವಾಗಿಯೂ ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿಯೂ ಇದ್ದು, 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದು, ವಿಜಾಪುರ ಜಿಲ್ಲೆಯ ಭಾಗಗಳಾಗಿದ್ದು, 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಸಂದುವು. ಆ ವಿಜಾಪುರವಾದರೋ ಇಂಗ್ಲಿಷ್ ಪುಸ್ತಕಗಳಲ್ಲಿ ಬಿಜಾಪುರ, 2014ರಿಂದೀಚೆಗೆ ವಿಜಯಪುರ. ಅದಕ್ಕೂ ಹಿಂದೆ ಜಿಲ್ಲೆಯ ಮುಖ್ಯ ಠಾಣ್ಯವಿದ್ದುದು ಕಲಾದಗಿಯಲ್ಲಿ. ಆದುದರಿಂದ ‘ಬಾಗಲಕೋಟೆ ಜಿಲ್ಲೆ’ ಎಂಬ ಸ್ಥಳದ ಫಿಲ್ಟರನ್ನು ಒತ್ತಿದವನಿಗೆ 1997ಕ್ಕೆ ಮುಂಚಿನ ನಮ್ಮ ಚರಿತ್ರೆಯ ಬಹುಭಾಗವು ಕಾಣದೆ ಹೋಗುವ ಸಂಭವವುಂಟು. 1884ರಲ್ಲಿ ಅಚ್ಚಾದ ಮುಂಬಯಿ ಗ್ಯಾಝೆಟಿಯರಿನ ಸಂಪುಟವು ಬಿಜಾಪುರದ ಹೆಸರಿನಲ್ಲಿರುವುದೇ ಹೊರತು ನಮ್ಮ ಜಿಲ್ಲೆಯ ಹೆಸರಿನಲ್ಲಲ್ಲ. ಬಾಗಲಕೋಟೆ ‘ಅಥವಾ’ ವಿಜಾಪುರ ‘ಅಥವಾ’ ಬಿಜಾಪುರ ‘ಅಥವಾ’ ಕಲಾದಗಿ ಎಂದು ನಾಲ್ಕನ್ನೂ ಸಾಲಾಗಿ ಬರೆಯಬಲ್ಲವನು ತನ್ನ ಜಿಲ್ಲೆಯ ಇತಿಹಾಸವನ್ನು ಅರ್ಧ ಓದಿದಂತೆಯೇ ಸರಿ.

ಇನ್ನು ಕನ್ನಡ ನುಡಿಯ ಸ್ವಭಾವದಿಂದಲೇ ಬರುವ ತೊಡಕೊಂದಿದೆ. ನಮ್ಮ ನಾಮಪದಗಳು ವಿಭಕ್ತಿಯೊಡನೆ ರೂಪವನ್ನು ಬದಲಿಸುತ್ತವೆ. ‘ಕಬ್ಬು’ ಎಂದು ಬರೆದವನಿಗೆ ‘ಕಬ್ಬಿನ ಬೇಸಾಯ’ವನ್ನು ತೋರಿಸಬೇಕೆಂಬ ವಿವೇಕವು ಯಂತ್ರಕ್ಕೆ ತಾನಾಗಿ ಬಾರದು. ಪದದ ಮೊದಲ ಭಾಗವನ್ನಷ್ಟೇ ಬರೆದು ಕೊನೆಗೊಂದು ನಕ್ಷತ್ರಚಿಹ್ನೆಯನ್ನಿಟ್ಟು, ‘ಕಬ್ಬ*’ ಎಂದು ಕೊಟ್ಟರೆ ಕಬ್ಬು, ಕಬ್ಬಿನ, ಕಬ್ಬಿಗೆ ಎಲ್ಲವೂ ಬರುವ ಅನುಕೂಲವನ್ನು ಅನೇಕ ಕ್ಯಾಟಲಾಗುಗಳು ಮಾಡಿಕೊಟ್ಟಿವೆ. ಶಬ್ದಭೇದವು ಇದಕ್ಕಿಂತ ದೊಡ್ಡದು. ನೀರು ಮಿತಿಮೀರಿ ಹಾಯಿಸಿದ್ದರಿಂದ ಕೃಷ್ಣಾ, ಘಟಪ್ರಭಾ ನದಿಗಳ ದಂಡೆಯ ಕಬ್ಬಿನ ಹೊಲಗಳು ಕೆಟ್ಟಿರುವುದನ್ನು ನಮ್ಮ ರೈತರು ‘ಸವಳು-ಜವಳು’ ಎನ್ನುತ್ತಾರೆ. ಮೈಸೂರು ಕಡೆಯವರು ‘ಚೌಳು’ ಎನ್ನುತ್ತಾರೆ. ಕೃಷಿ ವಿಶ್ವವಿದ್ಯಾಲಯದ ಪುಸ್ತಕವು ‘ಲವಣಯುಕ್ತ ಮತ್ತು ಕ್ಷಾರಯುಕ್ತ ಮಣ್ಣು’ ಎನ್ನುತ್ತದೆ. ತನ್ನ ಹೊಲದ ರೋಗಕ್ಕೆ ಮದ್ದನ್ನು ಹೇಳುವ ಪುಸ್ತಕವು ಧಾರವಾಡದಲ್ಲಿ ಇದ್ದರೂ, ರೈತನು ಹೇಳುವ ಹೆಸರಿಗೂ ಪುಸ್ತಕವು ಹೊತ್ತ ಹೆಸರಿಗೂ ಪರಿಚಯವಿಲ್ಲದಿರುವುದರಿಂದ ಅವೆರಡೂ ಎಂದಿಗೂ ಭೇಟಿಯಾಗವು. ಇದರ ಮೇಲೆ, ಕನ್ನಡ ಪುಸ್ತಕಗಳ ಹೆಸರನ್ನು ಕೆಲವೆಡೆ ರೋಮನ್ ಲಿಪಿಯಲ್ಲಿ ಬರೆದಿರುತ್ತಾರೆ, ಕೆಲವೆಡೆ ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಬೆರಳಚ್ಚಿಸಿರುತ್ತಾರೆ. ಅಂಥಲ್ಲಿ ಇಂದಿನ ಕೀಲಿಮಣೆಯಿಂದ ಶುದ್ಧವಾಗಿ ‘ರನ್ನ’ ಎಂದು ಬರೆದರೂ ಕವಿಚಕ್ರವರ್ತಿಯು ಓಗೊಡುವುದಿಲ್ಲ.

ಸಾಣಿಗೆಯ ಮಹಿಮೆಯನ್ನು ಹೇಳುವವನು ಅದರ ಕೇಡನ್ನೂ ಹೇಳತಕ್ಕದ್ದು. ಭಾಷೆಯ ಮನೆಯಲ್ಲಿ ‘ಕನ್ನಡ’ ಎಂಬುದನ್ನು ಅಭಿಮಾನದಿಂದ ಒತ್ತಿದ ಕೂಡಲೇ, ಕನ್ನಡ ಅನುಭಾವಿಗಳನ್ನು ಕುರಿತು ರಾನಡೆಯವರು ಇಂಗ್ಲಿಷಿನಲ್ಲಿ ಬರೆದು, ಅವರು ತೀರಿಕೊಂಡ ಮೇಲೆ ಪ್ರಕಟವಾದ ಗ್ರಂಥವು ಮಾಯವಾಗುತ್ತದೆ. ಮರಾಠಿಯಲ್ಲಿ ವ್ಯವಹರಿಸಿದ ನಮ್ಮ ಸಂಸ್ಥಾನಗಳ ಚರಿತ್ರೆಯ ಆಕರಗಳು ಮಾಯವಾಗುತ್ತವೆ. ‘ಹೊರತು’ ಎಂಬ ಶಬ್ದವು ಇನ್ನೂ ನಿರ್ದಯವಾದುದು: ಮುಧೋಳ ಹೊರತು ನಾಯಿ ಎಂದರೆ, ಮುಧೋಳ ಸಂಸ್ಥಾನದ ಇತಿಹಾಸವನ್ನು ಸವಿಸ್ತಾರವಾಗಿ ಹೇಳಿ ಒಂದು ಅಧ್ಯಾಯದಲ್ಲಿ ಬೇಟೆನಾಯಿಯನ್ನೂ ಪ್ರಸ್ತಾಪಿಸಿದ ಪುಸ್ತಕವು, ಆ ಒಂದು ಶಬ್ದವು ಅದರ ದಾಖಲೆಯಲ್ಲಿ ಸೇರಿದ ಅಪರಾಧಕ್ಕಾಗಿ, ಪೂರ್ತಿಯಾಗಿ ಬಹಿಷ್ಕೃತವಾಗುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ರಸವನ್ನು ಸೋಸಿದ ಮೇಲೆ ಉಳಿಯುವ ಪ್ರೆಸ್‌ಮಡ್ ಎಂಬ ರಾಡಿಯನ್ನು ನಮ್ಮ ರೈತರು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿ ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಾರೆ. ಕಾಕಂಬಿಯಿಂದ ಮದ್ಯಸಾರವನ್ನು ತೆಗೆಯುತ್ತಾರೆ. ಸಕ್ಕರೆಯನ್ನು ಬಯಸಿದವನ ಸಾಣಿಗೆಗೆ ಅವು ಕಸವಾದುವೇ ಹೊರತು ಲೋಕಕ್ಕೆ ಕಸವಾಗಲಿಲ್ಲ. ಆದ್ದರಿಂದ ಕ್ಯಾಟಲಾಗಿನಲ್ಲಿ ಸೋಸುವವನೂ ಒಂದೊಂದೇ ಫಿಲ್ಟರನ್ನು ಹಾಕಿ, ಪ್ರತಿಯೊಂದರಿಂದ ಎಷ್ಟು ಕಡಿಮೆಯಾಯಿತೆಂಬುದನ್ನು ಗಮನಿಸಿ, ಸೊನ್ನೆ ಬಂದಾಗ ಹಾಕಿದ್ದನ್ನು ಒಂದೊಂದಾಗಿಯೇ ತೆಗೆದು, ಯಾವುದನ್ನು ತೆಗೆದಾಗ ಬಾಗಿಲು ತೆರೆಯಿತೆಂಬುದನ್ನು ಕಂಡುಕೊಳ್ಳುವುದು ಲೇಸು. ಎಲ್ಲವನ್ನೂ ಒಮ್ಮೆಗೇ ತುಂಬುವುದು ನಮ್ಮ ವಿದ್ಯಾರ್ಥಿನಿ ಮಾಡಿದ ತಪ್ಪು. ಏನನ್ನೂ ತುಂಬದಿರುವುದು ಮಿಕ್ಕವರು ಮಾಡುವ ತಪ್ಪು.

ಇಷ್ಟೆಲ್ಲ ತಾಪತ್ರಯವೇತಕ್ಕೆ, ಕೈಯಲ್ಲಿರುವ ಮೊಬೈಲನ್ನು ಕೇಳಿದರೆ ಅದು ನೇರವಾಗಿ ಉತ್ತರವನ್ನೇ ಹೇಳಿಬಿಡುವುದಲ್ಲ ಎಂಬ ಆಕ್ಷೇಪಣೆಯು ಇಂದು ಸಹಜವಾಗಿ ಹುಟ್ಟುತ್ತದೆ. ಅದನ್ನು ಅಲ್ಲಗಳೆಯುವ ಹಠವು ನನಗಿಲ್ಲ, ನಾನೂ ಕೇಳುತ್ತೇನೆ. ಆದರೆ ಅಲ್ಲಿಯೂ ಒಂದು ಸಾಣಿಗೆಯಿದೆ, ಅದರ ಕಣ್ಣು ಎಷ್ಟು ಸಣ್ಣದು, ಅದನ್ನು ಹಿಡಿದವರು ಯಾರು, ಕೆಳಗೆ ಬಿದ್ದದ್ದೇನು ಎಂಬುದು ಕೇಳಿದವನಿಗೆ ಕಾಣುವುದಿಲ್ಲ. ಗ್ರಂಥಾಲಯದ ಆ ನೀರಸವಾದ ಪುಟದಲ್ಲಿಯಾದರೋ ಸಾಣಿಗೆಯು ನಮ್ಮ ಕೈಯಲ್ಲಿಯೇ ಇರುತ್ತದೆ. ಯಾವ ಭಾಷೆಯನ್ನು ಬಿಟ್ಟೆವು, ಯಾವ ಕಾಲವನ್ನು ಬಿಟ್ಟೆವು ಎಂಬುದು ನಮ್ಮ ಕಣ್ಣೆದುರಿಗೇ ಬರೆದಿರುತ್ತದೆ. ಬಿಟ್ಟದ್ದೇನೆಂಬುದನ್ನು ತಿಳಿದು ಆರಿಸಿಕೊಳ್ಳುವುದಕ್ಕೇ ವಿದ್ಯೆಯೆಂದು ಹೆಸರು.

ಹಾಗಾದರೆ ಆಗಬೇಕಾದದ್ದೇನು? ನಾನು ಕೇಳುವುದು ಬಹಳವಲ್ಲ. ಜಮಖಂಡಿಯಲ್ಲಿ ಈಗ ಒಂದು ವಿಶ್ವವಿದ್ಯಾಲಯವೇ ಇದೆ. ನಮ್ಮ ಸುತ್ತಲಿನ ತಾಲೂಕುಗಳ ಕಾಲೇಜುಗಳಲ್ಲಿ ಪದವಿಯ ಮೊದಲ ವರ್ಷದ ಮಕ್ಕಳನ್ನು ಒಂದೇ ಒಂದು ದಿನ ಕ್ಯಾಟಲಾಗಿನ ಮುಂದೆ ಕೂರಿಸಿ, ತಮ್ಮ ಊರನ್ನು ಕುರಿತ ಪುಸ್ತಕವೊಂದನ್ನು ತಾವೇ ಹುಡುಕುವಂತೆ ಮಾಡಿದರೆ ಸಾಕು. ಎರಡನೆಯದಾಗಿ, ನ್ಯೂಜಿಲೆಂಡಿನಲ್ಲಿ ಹುಟ್ಟಿ ಜಗತ್ತಿಗೆಲ್ಲ ಉಚಿತವಾಗಿ ದೊರೆತ, ಅಲ್ಲಿಯ ಮಾವೊರಿ ಭಾಷೆಯಲ್ಲಿ ‘ಕೊಡುಗೆ’ ಎಂಬ ಅರ್ಥವುಳ್ಳ ‘ಕೋಹ’ದಂಥ ತಂತ್ರಾಂಶಗಳನ್ನು ನಮ್ಮಲ್ಲಿ ಅನೇಕ ಗ್ರಂಥಾಲಯಗಳು ಬಳಸುತ್ತಿರುವುದರಿಂದ, ಕನ್ನಡ ಪುಸ್ತಕದ ದಾಖಲೆಯನ್ನು ಕನ್ನಡ ಲಿಪಿಯ ಯೂನಿಕೋಡಿನಲ್ಲಿ ಬರೆಯುವುದಕ್ಕೆ ಹಣದ ಅಡ್ಡಿಯು ಹೆಚ್ಚಾಗಿಲ್ಲ, ಕಾವ್ಯನಾಮಗಳನ್ನು, ಊರುಗಳ ಹಳೆಯ ಹೆಸರುಗಳನ್ನು, ಸವಳು-ಜವಳಿನಂಥ ಆಡುಮಾತುಗಳನ್ನು ‘ನೋಡಿ’ ಎಂಬ ಆ ಹಿಂದಿನ ಔದಾರ್ಯದಿಂದ ಜೋಡಿಸುವ ಮನಸ್ಸು ಮಾತ್ರ ಬೇಕು. ಮೂರನೆಯದಾಗಿ, 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ಇಂದು ‘ಅರಿವು ಕೇಂದ್ರ’ಗಳೆನಿಸಿಕೊಂಡಿರುವ ಗ್ರಾಮಪಂಚಾಯತಿಯ ಗ್ರಂಥಾಲಯಗಳಲ್ಲಿ ಕುಳಿತೇ ಬೇಕಾದ ಪುಸ್ತಕವು ಧಾರವಾಡದಲ್ಲಿ ಇದೆಯೇ ಇಲ್ಲವೇ ಎಂಬುದನ್ನು ತಿಳಿಯುವಂತಾಗಬೇಕು. 1965ರ ಕಾಯಿದೆಯಿಂದ ಹುಟ್ಟಿದ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಗಾಗಿ ನಮ್ಮ ಮನೆ-ನಿವೇಶನಗಳ ತೆರಿಗೆಯ ಮೇಲೆ ಶೇಕಡಾ 6ರ ಗ್ರಂಥಾಲಯ ಕರವನ್ನು ನಾವೇ ತೆರುತ್ತಿದ್ದೇವಾದ್ದರಿಂದ, ಇದನ್ನು ಕೇಳುವುದರಲ್ಲಿ ಸಂಕೋಚಪಡಬೇಕಾದುದಿಲ್ಲ.

ಆ ವಿದ್ಯಾರ್ಥಿನಿಯ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಆಕೆ ಎರಡನೆಯ ಸಲ ಹೋದಾಗ, ಮೊದಲು ವರ್ಷವನ್ನು ತೆಗೆದಳು. ಈಚಿನ ಒಂದು ಕನ್ನಡ ಪುಸ್ತಕ ಬಂದಿತು. ಅದರ ಅಡಿಟಿಪ್ಪಣಿಯೊಂದರಲ್ಲಿ, ಹಲಗಲಿಯ ಬೇಡರ ಮೇಲಿನ ಲಾವಣಿಯನ್ನು ಜೆ. ಎಫ್. ಫ್ಲೀಟರು 1880ರ ದಶಕದಲ್ಲಿ ಬೇರೆ ಕನ್ನಡ ಲಾವಣಿಗಳೊಡನೆ ‘ಇಂಡಿಯನ್ ಆಂಟಿಕ್ವರಿ’ ಎಂಬ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದ್ದರೆಂಬ ಮಾತಿತ್ತು. ಕ್ಯಾಟಲಾಗು ಪತ್ರಿಕೆಯ ಹೆಸರನ್ನು ಹೇಳುವುದೇ ಹೊರತು ಅದರೊಳಗಿನ ಲೇಖನಗಳನ್ನು ಹೇಳುವುದಿಲ್ಲವಾದ್ದರಿಂದ, ಶೀರ್ಷಿಕೆಯಲ್ಲಿ ಪತ್ರಿಕೆಯ ಹೆಸರನ್ನು ಕೊಟ್ಟು, ಬಗೆಯ ಮನೆಯಲ್ಲಿ ನಿಯತಕಾಲಿಕವೆಂದು ಒತ್ತಿದಳು. ಆಗಲೂ ಏನೂ ಬಾರದಿರಲು, ಕೊನೆಗೆ ಉಳಿದಿದ್ದ ‘ಕನ್ನಡ’ ಎಂಬ ಫಿಲ್ಟರನ್ನು ಅಳುಕುತ್ತಲೇ ತೆಗೆದುಹಾಕಿದಳಂತೆ. ಪತ್ರಿಕೆಯ ಹಳೆಯ ಸಂಪುಟಗಳು ತೆರೆಯ ಮೇಲೆ ಸಾಲಾಗಿ ಬಂದು ನಿಂತವು. ಹಲಗಲಿಯ ಕನ್ನಡವು ಇಂಗ್ಲಿಷ್ ಎಂಬ ಚೀಟಿಯನ್ನು ಅಂಟಿಸಿಕೊಂಡ ಆ ಸಂಪುಟಗಳಲ್ಲೊಂದರಲ್ಲಿ, ನೂರಾ ಮೂವತ್ತು ವರ್ಷಗಳಿಗೂ ಮಿಕ್ಕಿ, ಹುಡುಕುವವರನ್ನು ಕಾಯುತ್ತ ಕುಳಿತಿತ್ತು.